ಎರಡನೆಯ ಹ್ಞೂಂ

ನಮ್ಮ ಮನೆಯಲ್ಲಿ ಅಟ್ಟದಿಂದ ಇಳಿದ ತೆಂಗಿನಕಾಯಿ ಸುಲಿಯುವವರ ಕೈಗೆ ಹೋಗಬೇಕಾದರೆ ಇಬ್ಬರು ‘ಹ್ಞೂಂ’ ಅನ್ನಬೇಕು. ಮೊದಲು ಅಪ್ಪ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಅಟ್ಟದ ಮೇಲೆ ಹಾಕಿದ ಕಾಯಲ್ಲಿ ಮೊದಮೊದಲು ನೀರು ಕುಲುಕುವ ಸದ್ದು ಇರುತ್ತದೆ. ತಿಂಗಳುಗಳು ಕಳೆದ ಮೇಲೆ ನೀರು ಇಂಗಿ ಸದ್ದೇ ನಿಂತುಹೋಗುತ್ತದೆ. ಆ ಹೊತ್ತಿನಲ್ಲಿ ಒಡೆದರೆ ತಿರುಳು ಕರಟಕ್ಕೆ ಅಂಟಿಕೊಂಡು ಚೂರುಚೂರಾಗಿ ಬರುತ್ತದೆ, ತಿಪಟೂರಿನ ಮಾರುಕಟ್ಟೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಇನ್ನೂ ಕಾದರೆ ತಿರುಳು ಕರಟವನ್ನು ಬಿಟ್ಟು ಒಳಗೇ ಉಂಡೆಯಾಗಿ ಲೊಟಲೊಟ ಉರುಳುತ್ತದೆ. ಆಗ ಅದು ಕೊಬ್ಬರಿ. ಅಪ್ಪ ಹ್ಞೂಂ ಅಂದು ಅವ್ವನ ಕೈಗೆ ಕೊಡುತ್ತಾನೆ. ಅವಳೂ ಅಲ್ಲಾಡಿಸಿ ಹ್ಞೂಂ ಅಂದರೆ ಕಾಯಿ ಸುಲಿಯುವ ರಾಶಿಗೆ ಹೋಗುತ್ತದೆ. ಅವಳು ಸುಮ್ಮನಿದ್ದರೆ ಮತ್ತೆ ಅಟ್ಟಕ್ಕೆ.

ಇದು ಊರಿನ ಪದ್ಧತಿಯಲ್ಲ, ನಮ್ಮ ಮನೆಯದು. ಕೊಬ್ಬರಿ ಬೆಲೆ ಏರಿತು ಅಂತ ಕಿವಿಗೆ ಬಿದ್ದರೆ ಸಾಕು, ನಮ್ಮ ತಾತ ಅರೆ ಒಣಗಿದ್ದನ್ನೂ ಇಳಿಸಿಬಿಡುತ್ತಿದ್ದನಂತೆ. ಅವನ ಆತುರಕ್ಕೆ ಅಜ್ಜಿ ಹಾಕಿದ ಕಡಿವಾಣ ಇದು. ತಾತ ಹೋದ, ಅಜ್ಜಿಯೂ ಹೋದಳು, ಕಡಿವಾಣ ಉಳಿಯಿತು. “ಇವ್ರ ಮನೇಲಿ ಕಾಯ್ಗೂ ಎರಡೆರಡು ಸಹಿ ಬೇಕು ಕಣ್ಲಾ” ಅಂತ ಸುಲಿಯಲು ಬರುವವರು ಇವತ್ತಿಗೂ ನಗುತ್ತಾರೆ. ನಗಲಿ. ನಮ್ಮ ಮನೆಯ ಕೊಬ್ಬರಿ ಒಡಕಲು ಬಂತು ಅಂತ ಯಾರೂ ಹೇಳಿದ್ದಿಲ್ಲ.

ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದಾಗ ನನಗೆ ಈ ಅಟ್ಟದ ಕಾಯಿಯೇ ನೆನಪಾಗುತ್ತದೆ, ಅದಕ್ಕೇ ಇದನ್ನು ಮೊದಲು ಹೇಳಿದೆ. ನಾನು ತುಮಕೂರಿನ ಹೊರವಲಯದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ನಾವು ಪ್ರೋಟೀನುಗಳನ್ನು ತಯಾರಿಸುತ್ತೇವೆ. ಪ್ರೋಟೀನು ಅಂದ ಕೂಡಲೇ ನಮ್ಮ ನೆಂಟರೆಲ್ಲ ಹಾಲಿಗೆ ಬೆರೆಸುವ ಡಬ್ಬಿ ಪುಡಿ ಅಂದುಕೊಳ್ಳುತ್ತಾರೆ. ಒಬ್ಬರು ಮಗನ ಮೈ ತುಂಬಿಕೊಳ್ಳಲಿ ಅಂತ ಎರಡು ಡಬ್ಬಿ ಕಳಿಸು ಅಂದಿದ್ದರು. ನಾವು ಮಾಡುವುದು ಬೇರೆ. ಮನುಷ್ಯನ ಜೀನನ್ನು ಸಾಕಿದ ಜೀವಕೋಶಗಳೊಳಗೆ ಸೇರಿಸಿ, ಆ ಕೋಶಗಳ ಕೈಯಲ್ಲಿ ಮನುಷ್ಯನ ಪ್ರೋಟೀನನ್ನೇ ಮಾಡಿಸಿ, ಸೋಸಿ, ಶುದ್ಧ ಮಾಡಿ, ಒಣಗಿಸಿ, ಬೆರಳುದ್ದದ ಸೀಸೆಗಳಿಗೆ ತುಂಬುತ್ತೇವೆ. ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದರೆ ತಳದಲ್ಲಿ ಏನೂ ಇಲ್ಲವೇನೋ ಅನ್ನಿಸಬೇಕು, ಅಷ್ಟು ಕಡಿಮೆ. ಮೇಲೆ ಒಂದು ಚೀಟಿ: ಸಂಶೋಧನೆಗೆ ಮಾತ್ರ, ಮನುಷ್ಯರ ಚಿಕಿತ್ಸೆಗೆ ಅಲ್ಲ.

ಅವುಗಳಲ್ಲಿ ಒಂದು ಪ್ರೋಟೀನು ವರ್ಷಗಳಿಂದ ನನ್ನ ಪಾಲಿಗೇ ಬಿದ್ದಿದೆ. ನಮ್ಮ ಮೈಯಲ್ಲಿ ಕಾವಲು ಕಾಯುವ ಬಿಳಿ ರಕ್ತಕಣಗಳಲ್ಲಿ ಒಂದು ಜಾತಿಯಿದೆ. ಅವಕ್ಕೆ ವೈರಿಯ ಗುರುತು ಸಿಕ್ಕಿದ ಮಾತ್ರಕ್ಕೆ ಅವು ಮೇಲೇಳುವುದಿಲ್ಲ. ಗುರುತು ತೋರಿಸಿದ ಕೋಶವೇ ಇನ್ನೊಂದು ಸನ್ನೆಯನ್ನೂ ಕೊಡಬೇಕು, ಹೌದು, ಏಳು ಅಂತ. ಆ ಎರಡನೆಯ ಸನ್ನೆ ಕೊಡುವುದು ಈ ಪ್ರೋಟೀನು. ಅದು ಇಲ್ಲದಿದ್ದರೆ ಕಾವಲಿನ ಕೋಶ ಸುಮ್ಮನೆ ಮಲಗುತ್ತದೆ. ಹೊಸ ಸೀಸೆಗಳು ಬಂದಾಗ ನಾನು ಅದರಲ್ಲಿ ಒಂದಿಷ್ಟನ್ನು ಕೋಶಗಳ ಜೊತೆ ಇಟ್ಟು ಅವು ಏಳುತ್ತವೆಯೇ ನೋಡುತ್ತೇನೆ. ಎದ್ದರೆ ಸೀಸೆ ಹೊರಗೆ ಹೋಗಬಹುದು. ನನ್ನದೂ ಕೊನೆಗೆ ಹ್ಞೂಂ ಅನ್ನುವ ಉದ್ಯೋಗವೇ. ಕೆಲಸಕ್ಕೆ ಸೇರಿದ ಮೊದಲ ವಾರ ಹೇಳಿಕೊಟ್ಟ ಪಾಠ ಒಂದೇ: ಕರಗಿಸುವಾಗ ಮೆಲ್ಲಗೆ ತಿರುಗಿಸು, ಯಾವತ್ತೂ ಅಲ್ಲಾಡಿಸಬೇಡ. ಜೋರಾಗಿ ಕುಲುಕಿದರೆ ಪ್ರೋಟೀನಿನ ಮಡಿಕೆ ಬಿಚ್ಚಿ ಒಂದಕ್ಕೊಂದು ಗಂಟುಬೀಳುತ್ತದೆ, ಒಡೆದ ಹಾಲಿನ ಹಾಗೆ. ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಇನ್ನು ಅವ್ವನ ಕೈ. ಊರಿನಲ್ಲಿ ಕರಟ ಒಡೆಯುವವರು ಬೇಕಾದಷ್ಟು ಜನ ಇದ್ದಾರೆ. ಅವ್ವ ಒಡೆದರೆ ಮಾತ್ರ ಕರಟ ಹೂವಿನಂತೆ ಬಿಚ್ಚಿಕೊಂಡು ಉಂಡೆ ಒಂದು ಗೀರೂ ಇಲ್ಲದೆ ಆಚೆ ಬರುತ್ತಿತ್ತು. ಆ ಕೈ ನಾಲ್ಕೈದು ವರ್ಷಗಳಿಂದ ಬೆಳಗ್ಗೆ ಏಳುವಾಗ ಮುಷ್ಟಿಯಾಗಿಯೇ ಇರುತ್ತಿತ್ತು. ಬಿಸಿನೀರಿನಲ್ಲಿ ಅದ್ದಿ, ಎಣ್ಣೆ ತಿಕ್ಕಿ, ಹೊತ್ತು ಏರಿದ ಮೇಲೆ ಬೆರಳು ಒಂದೊಂದಾಗಿ ಬಿಡುತ್ತಿದ್ದವು. ಮೊದಲು ಉಂಗುರ ಕತ್ತರಿಸಿ ತೆಗೆಸಿದೆವು. ಆಮೇಲೆ ಬಳೆ ಏರಿಸುವುದು ಕಷ್ಟವಾಯಿತು. ಇದ್ಯಾವುದಕ್ಕೂ ಅವಳು ಅಳಲಿಲ್ಲ. ಅತ್ತದ್ದು ರಾಗಿಮುದ್ದೆಗೆ. ಮುದ್ದೆ ಮುರಿಯಲು ಬೆರಳು ಬಾಗದೆ ಒಂದು ದಿನ ತಮ್ಮನ ಹೆಂಡತಿ ಚಮಚ ತಂದಿಟ್ಟಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಮುದ್ದೆಯನ್ನು ಚಮಚದಲ್ಲಿ ತಿನ್ನುವುದನ್ನು ನಮ್ಮ ಕಡೆ ಯಾರೂ ನೋಡಿಲ್ಲ. ಅವ್ವ ತಟ್ಟೆ ಸರಿಸಿ ಎದ್ದಳು. ಅಂದಿನಿಂದ ಅವಳು ಎಲ್ಲರ ಊಟ ಮುಗಿದ ಮೇಲೆ ಗೋಡೆ ಕಡೆ ತಿರುಗಿ ಕೂತು ಅನ್ನ ತಿನ್ನುತ್ತಿದ್ದಳು.

ತುಮಕೂರಿನ ಕೀಲು ಡಾಕ್ಟರಮ್ಮ ನೋಡಿ, ಇದು ಸವೆದ ಕೀಲಿನ ನೋವಲ್ಲ, ಮೈಯನ್ನು ಕಾಯಬೇಕಾದ ಕಾವಲೇ ಕೀಲುಗಳ ಮೇಲೆ ತಿರುಗಿಬಿದ್ದಿದೆ ಅಂದರು. ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟರು. ಒಂದಷ್ಟು ಕಾಲ ತಗ್ಗಿತು, ಮತ್ತೆ ಏರಿತು. ಆಗ ಅವರು ವಾರಕ್ಕೊಂದು ಸೂಜಿಯ ಮಾತೆತ್ತಿದರು. ಔಷಧಿಯ ಹೆಸರು ಕೇಳಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅದು ಮಾಡುವ ಕೆಲಸ ನನಗೆ ಬಾಯಿಪಾಠ. ನಾನು ದಿನಾ ಮುಟ್ಟುವ ಆ ಪ್ರೋಟೀನನ್ನು, ಎರಡನೆಯ ಸನ್ನೆ ಕೊಡುವುದನ್ನು, ಮೈಯೊಳಗೆ ಹಿಡಿದು ಕಟ್ಟಿಹಾಕುವ ಔಷಧಿ ಅದು. ಸನ್ನೆ ಸಿಗದೆ ಕಾವಲಿನ ಕೋಶಗಳು ತಣ್ಣಗಾಗಬೇಕು, ಕೀಲುಗಳು ಉಸಿರಾಡಬೇಕು.

ಅಪ್ಪ ಕೇಳಿದ ಕೂಡಲೇ ಕೆರಳಿದ. “ಶಕ್ತಿ ಕಮ್ಮಿ ಮಾಡೋ ಸೂಜಿನಾ? ಲೋಕದ ಜನ ಶಕ್ತಿ ಜಾಸ್ತಿ ಮಾಡ್ಕಳಕ್ಕೆ ಒದ್ದಾಡ್ತಾವ್ರೆ, ನೀನು ಇರೋದ್ನೂ ಕಿತ್ಕಳಕ್ಕೆ ಬಂದಿದ್ದೀಯಲ್ಲವ್ವ!”

ಅವನ ಸಿಟ್ಟಿಗೆ ಕಾರಣ ಇಲ್ಲದೆ ಇರಲಿಲ್ಲ. ಕೊರೊನಾದಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡ. ತಮ್ಮನಾದ ಅಪ್ಪನಿಗೆ ಮುಖ ನೋಡಲೂ ಬಿಡಲಿಲ್ಲ. ಆಗಿನಿಂದ ಅಪ್ಪನ ತಲೆಯಲ್ಲಿ ರೋಗನಿರೋಧಕ ಶಕ್ತಿ ಅನ್ನುವ ಒಂದು ಮಾತು ಗೂಟ ಹೊಡೆದುಕೊಂಡು ಕೂತಿದೆ. ದಿನಾ ಬೆಳಗ್ಗೆ ಅಮೃತಬಳ್ಳಿ ಕಷಾಯ. ಅವ್ವನಿಗೆ ಎರಡು ಲೋಟ, ಏಕೆಂದರೆ ಅವಳಿಗೆ ಕಾಯಿಲೆ. ನಾನು ಊರಿಗೆ ಹೋದರೆ ನನಗೂ ತಪ್ಪಿದ್ದಲ್ಲ. ಶಕ್ತಿ ಹೆಚ್ಚಾಗಿಯೇ ಇವಳ ಕೈ ಹೀಗಾಗಿರುವುದು ಅಂತ ನಾನು ಹೇಳಿದರೆ, ಓದಿದವರ ಬುದ್ಧಿ ಅಂತ ಎದ್ದು ತೋಟಕ್ಕೆ ಹೋಗುತ್ತಿದ್ದ. ಅಜ್ಜಿ ಕ್ಷಯದಲ್ಲಿ ಸತ್ತವಳು. ಆ ರೋಗ ಎಲ್ಲಾದರೂ ಅವ್ವನ ಮೈಯಲ್ಲಿ ಮಲಗಿದ್ದು, ಕಾವಲು ತಗ್ಗಿದಾಗ ಎದ್ದರೆ ಅನ್ನುವುದು ಅವನ ಇನ್ನೊಂದು ಪ್ರಶ್ನೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನ್ನ ನಿದ್ದೆಯನ್ನೂ ಕೆಡಿಸಿತ್ತು. ಅವನಿಗೆ ಭಯ, ನನಗೆ ತಿಳಿವಳಿಕೆ ಅಂತ ಬೇರೆಬೇರೆ ಹೆಸರಿಟ್ಟುಕೊಂಡು ಇಬ್ಬರೂ ಹೆದರುತ್ತಿದ್ದೆವು.

ಕ್ಷಯದ ಪರೀಕ್ಷೆ ಮಾಡಿಸಿದೆವು, ಎದೆಯ ಎಕ್ಸ್‌ರೇ ತೆಗೆಸಿದೆವು. ಏನೂ ಇರಲಿಲ್ಲ. ಅಷ್ಟಾದರೂ ಅಪ್ಪ ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೀಗೇ ತಿಂಗಳುಗಳು ಕಳೆದವು.

ಒಂದು ಭಾನುವಾರ ಜಗಲಿಯ ಮೇಲೆ ಅವನು ಒಬ್ಬನೇ ಕಾಯಿ ನೋಡುತ್ತಿದ್ದ. ಅವ್ವನ ಕೈಲಿ ಕಾಯಿ ಹಿಡಿಯಲಾಗದೆ ಆ ಸಲ ಎರಡನೆಯ ಹ್ಞೂಂ ಅನ್ನುವವರೇ ಇರಲಿಲ್ಲ. ನಾನು ಎದುರಿಗೆ ಕೂತು ಒಂದು ಕಾಯಿ ಎತ್ತಿಕೊಂಡೆ.

“ಅಪ್ಪ, ನೀನು ಹ್ಞೂಂ ಅಂದೆ ಅಂತ ಇಟ್ಕೋ. ಅವ್ವ ಅನ್ನಲಿಲ್ಲ. ಕಾಯಿ ಏನಾಗುತ್ತೆ?”

“ಅಟ್ಟಕ್ಕೆ ಹೋಯ್ತದೆ. ಇದೇನು ಕೇಳ್ತೀಯ?”

“ಮೈಯಲ್ಲೂ ಹಂಗೇ. ಮೊದಲನೇ ಹ್ಞೂಂ ಆದ್ಮೇಲೆ ಎರಡನೇ ಹ್ಞೂಂ ಬಿದ್ರೆ ಮಾತ್ರ ಕಾವಲು ಮೇಲೇಳುತ್ತೆ. ಅವ್ವನ ಮೈಯಲ್ಲಿ ತನ್ನ ಕೀಲನ್ನೇ ವೈರಿ ಅಂತ ತೋರಿಸಿ, ಅದಕ್ಕೂ ಹ್ಞೂಂ ಅಂತಿದಾರೆ. ಈ ಸೂಜಿ ಎರಡನೇ ಹ್ಞೂಂ ಅನ್ನೋರ ಬಾಯಿಗೆ ಕೈ ಅಡ್ಡ ಹಿಡಿಯುತ್ತೆ. ಅಷ್ಟೇ.”

ಅಪ್ಪ ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟ. “ಅಂದ್ರೆ ಕಾವಲ್ನೇ ಸಾಯ್ಸಲ್ಲ?”

“ಸಾಯಿಸಲ್ಲ. ತಗ್ಗಿಸುತ್ತೆ. ಜ್ವರ ಗಿರ ಬಂದ್ರೆ ನಾವು ಹುಷಾರಾಗಿರ್ಬೇಕು, ಅದು ಸುಳ್ಳಲ್ಲ.”

“ಈ ಎರಡನೇ ಹ್ಞೂಂ ಅನ್ನೋದನ್ನೇ ನೀನು ಅಲ್ಲಿ ಸೀಸೇಲಿ ತುಂಬೋದು?”

“ಹ್ಞೂಂ.”

“ಮನೇಲಿ ನಿಮ್ಮವ್ವಂಗೆ ಬೆಂಕಿ ಹಚ್ಚಿರೋದನ್ನ ಅಲ್ಲಿ ಕೂತ್ಕಂಡು ತುಂಬ್ತೀಯಾ!” ಅಂದು ನಕ್ಕ. ನನಗೆ ನಗು ಬರಲಿಲ್ಲ. ಸೀಸೆ ಹಿಡಿದಾಗಲೆಲ್ಲ ಆ ಯೋಚನೆ ನನಗೂ ಬರುತ್ತಿತ್ತು. ಇದು ಎಲ್ಲರ ಮೈಯಲ್ಲೂ ಇರುವುದು, ಇಲ್ಲದಿದ್ದರೆ ಒಂದು ನೆಗಡಿಯೂ ವಾಸಿಯಾಗುವುದಿಲ್ಲ, ಇದನ್ನು ಸೀಸೆಯಲ್ಲಿಟ್ಟು ಪರೀಕ್ಷಿಸಿದ್ದರಿಂದಲೇ ಈ ಔಷಧಿ ಹುಟ್ಟಿದ್ದು ಅಂತ ಅವನಿಗೆ ವಿವರಿಸಿದೆ. ನನಗೆ ನಾನೇ ಹೇಳಿಕೊಂಡ ಹಾಗಿತ್ತು.

“ತತ್ತಾ ಹಂಗಾರೆ” ಅಂದ ಅಪ್ಪ. “ಹಾಕೋ ದಿನ ನಾನೂ ಇರ್ತೀನಿ.”

ಔಷಧಿ ತರಿಸುವುದು ಅಂಗಡಿಯಲ್ಲಿ ಮಾತ್ರೆ ಕೊಂಡಂತಲ್ಲ. ಡಾಕ್ಟರಮ್ಮ ಬರೆದುಕೊಟ್ಟ ಮೇಲೆ ಎಲ್ಲಿಂದಲೋ ತಂಪು ಪೆಟ್ಟಿಗೆಯಲ್ಲಿ ಬರಬೇಕು, ದಾರಿಯಲ್ಲಿ ಬಿಸಿಯಾಗಬಾರದು, ಗಡ್ಡೆಯೂ ಕಟ್ಟಬಾರದು. ಔಷಧಿಯನ್ನು ತುಂಬಿಯೇ ಕಳಿಸುವ ಗಾಜಿನ ಸಿರಿಂಜು ಅದು. ಕಾದು ಕಾದು ಒಂದು ಸಿರಿಂಜು ಬಂತು. ಶನಿವಾರ ಕೆಲಸ ಮುಗಿಸಿಕೊಂಡು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ರೈಲು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಐಸ್‌ಕ್ರೀಮಾ ಅಂತ ಕೇಳಿದಳು. ಅಮ್ಮಸಂದ್ರ ದಾಟಿದ ಮೇಲೆ ಬಿಸಿಲು ನೇರ ಕಿಟಕಿಯಿಂದ ಹೊಡೆಯತೊಡಗಿತು. ನನ್ನ ಸೆರಗನ್ನೇ ಪೆಟ್ಟಿಗೆಗೆ ಹೊದಿಸಿ ಕೂತೆ. ತಿಪಟೂರಿನಲ್ಲಿ ತಮ್ಮ ಬೈಕು ತಂದಿದ್ದ. ಮನೆಗೆ ಹೋಗಿ ಸಿರಿಂಜನ್ನು ಫ್ರಿಡ್ಜಿನ ಮೊಸರಿನ ಪಾತ್ರೆಯ ಹಿಂದೆ ಮಲಗಿಸಿದ ಮೇಲೆಯೇ ನಾನು ನೀರು ಕುಡಿದದ್ದು.

ಮಾರನೆಯ ಬೆಳಗ್ಗೆ ಅವ್ವ ಬಿಸಿನೀರು ಸುರಿಸಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಡಿಸಿಕೊಂಡು, ವಿಭೂತಿ ಇಟ್ಟುಕೊಂಡು ಕೂತಿದ್ದಳು. ಯಾರದೋ ಮದುವೆಗೆ ಹೊರಟವಳ ಹಾಗಿದ್ದಳು. ಚುಚ್ಚುವ ಮೊದಲು ಔಷಧಿ ಕೋಣೆಯ ಬಿಸಿಗೆ ಬರಬೇಕು. ಸಿರಿಂಜನ್ನು ಪೊಟ್ಟಣದಿಂದ ತೆಗೆದು ಸ್ಟೀಲ್ ತಟ್ಟೆಯಲ್ಲಿಟ್ಟು ನಡುಮನೆಯ ಮೇಜಿನ ಮೇಲಿಟ್ಟೆ. ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಷ್ಟೇ.

ವಾಪಸು ಬಂದಾಗ ಅಪ್ಪ ಮೇಜಿನ ಪಕ್ಕ ನಿಂತಿದ್ದ. ಸಿರಿಂಜು ಅವನ ಬಲಗಿವಿಯ ಹತ್ತಿರ ಇತ್ತು. ಕಣ್ಣು ಮುಚ್ಚಿ, ತಲೆ ವಾಲಿಸಿ, ಅಟ್ಟದ ಕಾಯನ್ನು ಕೇಳುವ ಹಾಗೇ ಅಲ್ಲಾಡಿಸುತ್ತಿದ್ದ. ಮಣಿಕಟ್ಟಿನ ಅದೇ ಜೋರು, ಅದೇ ಲಯ. ನಾನು ಕೂಗಿದ್ದಕ್ಕೆ ಅವನ ಕೈ ನಿಂತಿತು. ಗಾಜಿನ ಒಳಗೆ ಮೇಲಿನಿಂದ ಕೆಳಗಿನವರೆಗೆ ನೊರೆ.

“ಸದ್ದೇ ಬರ್ಲಿಲ್ಲ ಕಣವ್ವ” ಅಂದ ಅಪ್ಪ. ಅವನ ಮುಖದಲ್ಲಿ ತಪ್ಪು ಮಾಡಿದವನ ಕಳೆಯೇ ಇರಲಿಲ್ಲ, ಒಂದು ದೊಡ್ಡ ಕೆಲಸ ಮುಗಿಸಿದ ಸಮಾಧಾನ ಇತ್ತು. “ಅದಕ್ಕೇ ಇನ್ನೊಂಚೂರು ಜೋರಾಗಿ ಅಲ್ಲಾಡಿಸ್ದೆ. ಆಗ್ಲೂ ಬರ್ಲಿಲ್ಲ. ಔಷ್ದಿ ಅಲ್ವಾ, ಇರ್ಲಿ ಅಂತ ಹ್ಞೂಂ ಅಂದ್ಬುಟ್ಟೆ. ಹಾಕು.”

ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಇದು ಕಾಯಿ ಅಲ್ಲ, ಎಲ್ಲದಕ್ಕೂ ನಿನ್ನ ಕಿವಿ ಯಾಕೆ, ಪೊಟ್ಟಣದ ಮೇಲೆ ಅಲ್ಲಾಡಿಸಬೇಡಿ ಅಂತ ಚಿತ್ರ ಸಮೇತ ಹಾಕಿದಾರಲ್ಲ, ಕಣ್ಣು ಕಾಣಲ್ವಾ ಅಂದೆ. ಅಪ್ಪ ಒಂದು ಸಲ ಸಿರಿಂಜು ನೋಡಿದ, ಒಂದು ಸಲ ನನ್ನನ್ನು ನೋಡಿದ. ಆಮೇಲೆ ಅವನಿಗೆ ಅರ್ಥವಾಯಿತು. ಸಿರಿಂಜನ್ನು ತಟ್ಟೆಯಲ್ಲಿ ಎಷ್ಟು ಮೆಲ್ಲಗೆ ಇಟ್ಟನೆಂದರೆ, ಆ ಮೆಲ್ಲಗಿನ ಕೈ ನೋಡಿ ನಾನು ಕೂಗಾಡುವುದನ್ನು ನಿಲ್ಲಿಸಿದೆ. ತಿಂಗಳುಗಟ್ಟಲೆ ಒಪ್ಪದಿದ್ದ ಮನುಷ್ಯ ಅವತ್ತು ಒಪ್ಪಿದ್ದ. ಅವನಿಗೆ ಒಪ್ಪುವುದಕ್ಕೆ ಗೊತ್ತಿದ್ದ ದಾರಿ ಅದೊಂದೇ.

ನೊರೆ ಇಳಿಯುವುದನ್ನು ಕಾದೆ. ಇಳಿಯಿತು. ಬೆಳಕಿಗೆ ಹಿಡಿದು ನೋಡಿದೆ. ತಿಳಿಯಾಗಿತ್ತು ಅಂದರೆ ತಿಳಿಯಾಗಿತ್ತು, ಒಂದಿಷ್ಟು ಮಸುಕು ಅಂದರೆ ಮಸುಕು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ, ಭಾನುವಾರ, ಎತ್ತಲಿಲ್ಲ. ಗಂಟುಬಿದ್ದ ಪ್ರೋಟೀನು ಮೈಗೆ ಹೊಕ್ಕರೆ ಮೈ ಅದನ್ನೇ ಹೊಸ ವೈರಿ ಅಂದುಕೊಳ್ಳಬಹುದು. ಆಮೇಲೆ ಒಳ್ಳೆಯ ಔಷಧಿ ಕೊಟ್ಟರೂ ಹಿಡಿಯದೆ ಹೋಗಬಹುದು. ಏನೂ ಆಗದೆಯೂ ಇರಬಹುದು. ಪ್ರಯೋಗಾಲಯದಲ್ಲಾದರೆ ಇಂಥ ಸೀಸೆಯನ್ನು ಯೋಚನೆ ಮಾಡದೆ ಬುಟ್ಟಿಗೆ ಎಸೆಯುತ್ತೇನೆ. ಅಲ್ಲಿ ಕಾಯುತ್ತಿರುವುದು ತಟ್ಟೆಯಲ್ಲಿನ ಕೋಶಗಳು. ಇಲ್ಲಿ ಕಾಯುತ್ತಿದ್ದವಳು ಇಸ್ತ್ರಿ ಸೀರೆ ಉಟ್ಟು ಕೂತಿದ್ದಳು.

“ಹಾಕವ್ವ” ಅಂದಳು ಅವ್ವ.

“ಬೇಡವ್ವ. ಕೆಟ್ಟಿರಬಹುದು.”

“ಕೆಟ್ಟಿರಬೌದು ತಾನೇ, ಕೆಟ್ಟೇ ಐತೆ ಅಂತೇನಿಲ್ವಲ್ಲ. ನೊರೆ ಬಂದ್ರೇನು, ಹಾಲು ಕರೆದ್ರೆ ನೊರೆ ಬರಲ್ವಾ? ಹಾಕು.”

ಅವಳು ನನ್ನಲ್ಲಿ ಯಾವತ್ತೂ ಏನನ್ನೂ ಬೇಡಿದವಳಲ್ಲ. ಸೀರೆ ತರಲೇ ಅಂದರೆ ಇರುವುದೇ ಸಾಕು ಅನ್ನುವವಳು. ಎರಡೂ ಮಣಿಕಟ್ಟು ಜೋಡಿಸಿ ನನ್ನ ಕಡೆ ಚಾಚಿದಳು. ಬೆರಳು ಬಿಡಿಸಲಾಗದೆ ಅದು ಕೈಮುಗಿದ ಹಾಗೂ ಇತ್ತು, ಅಲ್ಲದ ಹಾಗೂ ಇತ್ತು. “ಹೊತ್ತಾರೆ ಎದ್ದು ಈ ಕೈ ನೋಡ್ಕಳೋಕಾಗಲ್ಲ ಕಣೇ. ಏನಾದ್ರೂ ಆಗ್ಲಿ, ಹಾಕ್ಬುಡು.”

ನಾನು ಆಗಲ್ಲ ಅಂದೆ. ನನಗೆ ಅಳು ಬರುತ್ತಿತ್ತು. ಆದರೂ ಆಗಲ್ಲ ಅಂದೆ. ಇನ್ನೊಂದು ಬರುವವರೆಗೂ ಕಾಯೋಣ ಅಂದೆ.

ಅವ್ವ ಕೈ ಇಳಿಸಿದಳು. ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. “ಇಷ್ಟು ದಿನ ಅವ್ರು ಹ್ಞೂಂ ಅನ್ಲಿಲ್ಲ ಅಂತ ಕಾದೆ. ಇವತ್ತು ಅವ್ರಂದ್ರು, ನೀನು ಅನ್ನಲ್ಲ. ಅಪ್ಪ ಮಗಳು ಸೇರ್ಕಂಡು ನನ್ನ ಕಾಯಿ ಹಂಗೆ ಹಿಡ್ಕಂಡು ಅಲ್ಲಾಡ್ಸಿದ್ದೇ ಅಲ್ಲಾಡ್ಸಿದ್ದು. ಒಂದ್ಸಲನಾದ್ರೂ ಆ ಕಾಯಿನ ಕೇಳಿದ್ರೇನ್ರೀ ಯಾರಾದ್ರೂ?”

ಅವಳು ಒಳಗೆ ಹೋಗಿ ಸೊಸೆಯನ್ನು ಕರೆದು ಆ ಸೀರೆ ಬಿಚ್ಚಿಸಿ ಹಳೆಯದನ್ನು ಉಡಿಸಿಕೊಂಡಳು.

ಸೋಮವಾರ ಡಾಕ್ಟರಮ್ಮ ಸಿಕ್ಕಿದರು. ಎಲ್ಲ ಹೇಳಿದೆ. “ನೀವು ಹಾಕದೆ ಇದ್ದದ್ದೇ ಸರಿ” ಅಂದರು. ಆಮೇಲೆ “ಹಾಕಿದ್ದರೂ ಬಹುಶಃ ಏನೂ ಆಗ್ತಿರಲಿಲ್ಲ” ಅಂತಲೂ ಅಂದರು. ಎರಡೂ ಮಾತು ನಿಜವೇ ಅಂತ ನನಗೆ ಗೊತ್ತಿತ್ತು. ಎರಡನೆಯದನ್ನು ಅವರು ಹೇಳದಿದ್ದರೆ ಏನು ಗಂಟು ಹೋಗುತ್ತಿತ್ತು ಅಂತ ಇವತ್ತಿಗೂ ಅವರ ಮೇಲೆ ಸಿಟ್ಟು ಬರುತ್ತದೆ. ಆ ಮಾತನ್ನು ಅವ್ವನಿಗೆ ಹೇಳಲಿಲ್ಲ.

ಮುಂದಿನ ಸಿರಿಂಜು ತಡವಾಯಿತು. ಎಲ್ಲೋ ದಾಸ್ತಾನು ಇಲ್ಲ ಅಂದರು, ಬಂದ ಒಂದು ದಾರಿಯಲ್ಲಿ ಬಿಸಿಯಾಗಿದೆ ಅಂತ ವಾಪಸು ಹೋಯಿತು. ಆ ನಡುವೆ ಅವ್ವನ ಕೈ ಇನ್ನಿಲ್ಲದ ಹಾಗೆ ಊದಿಕೊಂಡಿತು. ನೋವಿಗೆ ಡಾಕ್ಟರಮ್ಮ ಬೇರೆ ಮಾತ್ರೆ ಕೊಟ್ಟರು. ಊತ ಇಳಿದಾಗ ಬಲಗೈಯ ಕೊನೆಯ ಎರಡು ಬೆರಳು ಹೊರಗಡೆಗೆ ವಾಲಿಕೊಂಡೇ ನಿಂತವು. ಆ ವಾರಗಳಲ್ಲೇ ವಾಲಿದವೋ, ಅಪ್ಪ ಒಪ್ಪದಿದ್ದ ತಿಂಗಳುಗಳಲ್ಲಿ ಒಳಗೇ ಸಡಿಲಾಗಿದ್ದವೋ, ಡಾಕ್ಟರಮ್ಮನಿಗೂ ಹೇಳಲಾಗಲಿಲ್ಲ. ಅಪ್ಪನಿಗೆ ಮಾತ್ರ ಅನುಮಾನವೇ ಇಲ್ಲ. ಎಲ್ಲ ತನ್ನ ಕಿವಿಯಿಂದಲೇ ಆದದ್ದು ಅಂತ ಅವನು ತೀರ್ಮಾನಿಸಿಬಿಟ್ಟಿದ್ದಾನೆ. ಅಲ್ಲ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. ಕಷಾಯದ ಬಳ್ಳಿ ಈಗ ಹಿತ್ತಲ ಬೇಲಿಯ ಮೇಲೆ ಯಾರೂ ಕೀಳದೆ ಸೊಂಪಾಗಿ ಹಬ್ಬಿದೆ.

ಕೊನೆಗೆ ಸಿರಿಂಜು ಬಂದ ದಿನ ಅಪ್ಪ ನಡುಮನೆಯ ಬಾಗಿಲಲ್ಲೇ ಕೂತ, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಹತ್ತಿರ ಬಾ ಅಂದರೂ ಬರಲಿಲ್ಲ. ನಾನು ಸಿರಿಂಜು ಹಿಡಿದು ಅವ್ವನ ಮುಂದೆ ಕೂತೆ. ಅಪ್ಪನ ಕಡೆ ನೋಡಲಿಲ್ಲ.

“ಅವ್ವಾ, ಹಾಕ್ಲಾ?” ಅಂದೆ.

ಅವಳು ಮುಖ ಎತ್ತಿದಳು. ನನ್ನ ದನಿಯಲ್ಲಿ ಏನಿದೆ ಅಂತ ಅಳೆಯುತ್ತಿದ್ದ ಹಾಗಿತ್ತು. ಆಮೇಲೆ, ಒಣಗಿದ ಕಾಯಿಗೆ ಅನ್ನುತ್ತಿದ್ದ ಹಾಗೇ, ಮೂಗಿನಲ್ಲಿ, ಚಿಕ್ಕದಾಗಿ “ಹ್ಞೂಂ” ಅಂದಳು.

ಈಗ ಔಷಧಿ ತಪ್ಪದೆ ಬರುತ್ತಿದೆ. ಶನಿವಾರ ರೈಲು ಹತ್ತುವುದು, ಭಾನುವಾರ ಬೆಳಗ್ಗೆ ಸೂಜಿ. ಮುಷ್ಟಿ ಬೇಗ ಬಿಡುತ್ತದೆ, ನೋವು ತಗ್ಗಿದೆ. ಅಟ್ಟದ ಕಾಯಿ ಇಳಿಸುವಾಗ ಅಪ್ಪ ಮೊದಲು ತಾನು ಕೇಳಿ, ಆಮೇಲೆ ಅವ್ವನ ಕಿವಿಯ ಹತ್ತಿರ ಹಿಡಿದು ತಾನೇ ಅಲ್ಲಾಡಿಸುತ್ತಾನೆ. ಅವಳು ಸುಮ್ಮನಿದ್ದರೆ ಎರಡು ಮಾತಿಲ್ಲದೆ ಮೇಲಕ್ಕೆ ಹಾಕುತ್ತಾನೆ. ಕರಟ ಒಡೆಯುವುದನ್ನು ತಮ್ಮನ ಹೆಂಡತಿ ಕಲಿಯುತ್ತಿದ್ದಾಳೆ, ಅವ್ವ ಪಕ್ಕದಲ್ಲಿ ಕೂತು ಅವಳ ಪ್ರತಿ ಏಟಿಗೂ ಮುಖ ಕಿವಿಚುತ್ತಾಳೆ. ಊಟವನ್ನು ಇನ್ನೂ ಗೋಡೆ ಕಡೆ ತಿರುಗಿಯೇ ಮಾಡುತ್ತಾಳೆ. ಆದರೆ ಮುದ್ದೆಯನ್ನೇ ತಿನ್ನುತ್ತಾಳೆ, ಮೂರು ಬೆರಳಲ್ಲಿ.

ಹೋದ ಭಾನುವಾರ ನಾನು ಎಂದಿನಂತೆ ಕೇಳಿದೆ. ಹಾಕ್ಲಾ ಅವ್ವ? ಅವಳು ಹ್ಞೂಂ ಅನ್ನಲಿಲ್ಲ. ಬಲಗೈಯನ್ನು ಮಡಿಲಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ಒಂದು ಕೇಳ್ತೀನಿ, ಸುಳ್ಳು ಹೇಳ್ಬ್ಯಾಡ” ಅಂದಳು. “ಹಾಕ್ತಾ ಹಾಕ್ತಾ ಹೋದ್ರೆ ಈ ಎರಡು ಬೆರಳು ನೆಟ್ಟಗಾಯ್ತಾವಾ?”

ಅಪ್ಪ ಬಾಗಿಲಿಂದಲೇ ನನ್ನ ಮುಖ ನೋಡುತ್ತಿದ್ದ. ಆಗುತ್ತೆ ಅನ್ನು ಅಂತ ಅವನ ಕಣ್ಣು ಕೇಳುತ್ತಿದ್ದವು. ನನ್ನ ಬಾಯಿಗೂ ಅದೇ ಬಂತು.

“ಇಲ್ಲ ಅವ್ವ” ಅಂದೆ. “ಬಗ್ಗಿರೋದು ಬಗ್ಗಿದ ಹಂಗೇ ಇರುತ್ತೆ. ಉಳಿದ ಬೆರಳು ಉಳೀಬೌದು, ಅಷ್ಟೇ.”

ಅವಳು ಕೇಳಿಸಿಕೊಂಡಳು. ಅಟ್ಟದ ಕಾಯನ್ನು ಕೇಳುವಾಗ ತೆಗೆದುಕೊಳ್ಳುವಷ್ಟೇ ಹೊತ್ತು ತೆಗೆದುಕೊಂಡಳು. ನಾನು ಸಿರಿಂಜು ಹಿಡಿದು ಕಾದೆ. ಬೇಡ ಅಂದಿದ್ದರೆ ಎದ್ದು ಹೋಗಿ ಅದನ್ನು ಮೊಸರಿನ ಪಾತ್ರೆಯ ಹಿಂದೆ ಇಟ್ಟುಬಿಡುತ್ತಿದ್ದೆ.

“ಹ್ಞೂಂ” ಅಂದಳು ಅವ್ವ. ನಾನು ಮುಚ್ಚಳ ತೆಗೆದೆ.